ಕಾಲು ಜಾರಿ ಬಿದ್ದೆ ಎಂಬ ಕಾಗದ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ಮಿಡಿಗೇಶಿಯಲ್ಲಿ, ನಮ್ಮ ಪಕ್ಕದ ಮನೆಯ ಹರ್ಷಿತಾಳಿಗೆ ಆದದ್ದು.

ಕೊನೆಯ ಬಸ್ ಇಳಿದು ಆಲದ ಮರದ ಬಾವಿಯ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಮಧುಗಿರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅಂದು ಎರಡು ಪಾಳಿ ಒಟ್ಟಿಗೆ. ಕೆನ್ನೆ ಊದಿತ್ತು. ಬಿಳಿ ಕೋಟಿನ ತೋಳಿಗೆ ಗುಟ್ಕಾ ಉಗುಳು ಮೆತ್ತಿ ಒಣಗಿತ್ತು... ಅದರ ವಾಸನೆ ದಾರಿಯುದ್ದಕ್ಕೂ ಜೊತೆಗೇ ಬಂತು.

ಡ್ರಿಪ್ ಬದಲಿಸಲು ಐದು ನಿಮಿಷ ತಡವಾಯಿತೆಂದು ರೋಗಿಯ ಅಳಿಯ ಹೊಡೆದು, ಉಗಿದಿದ್ದ. ಹೊಡೆತಕ್ಕಿಂತ ಹೇಸಿಗೆ ಆಮೇಲಿನದು. ಡಾಕ್ಟರು ಅವನನ್ನು ಕೂರಿಸಿ ಟೀ ಕುಡಿಸಿದರು. ಇವಳ ಮುಂದೆ ಬಿಳಿ ಹಾಳೆ ಇಟ್ಟರು.

"ಕಾಲು ಜಾರಿ ಬಿದ್ದೆ ಅಂತ ಬರೆದುಕೊಡಮ್ಮ. ಆಸ್ಪತ್ರೆ ಹೆಸರೂ ಉಳೀತದೆ, ನಿನ್ನ ಕೆಲಸಾನೂ ಉಳೀತದೆ."

ಬರೆದಳು. ಸಹಿ ಮಾತ್ರ ಹಾಕಲಿಲ್ಲ. "ಬೆಳಿಗ್ಗೆ ತರ್ತೀನಿ ಸಾರ್" ಎಂದು ಬ್ಯಾಗಿಗೆ ಹಾಕಿಕೊಂಡಿದ್ದಳು.

ಬಾವಿಯ ಬಳಿ ಸದ್ದು. ದಪ್... ದಪ್... ಒದ್ದೆ ಬಟ್ಟೆ ಕಲ್ಲಿಗೆ ಬೀಳುವ ಸದ್ದು. ನಡುವೆ ಬ್ರಷ್ಷಿನ ಚರಕ್ ಚರಕ್.

ಒಬ್ಬ ಹೆಂಗಸು ಬಿಳಿ ಕೋಟು ಒಗೆಯುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು.

"ಯಾರಕ್ಕ... ಇಷ್ಟೊತ್ನಾಗೆ?"

"ಉಗುಳು ಕಣಮ್ಮ. ಎಷ್ಟ್ ಉಜ್ಜಿದ್ರೂ ಹೋಗ್ತಿಲ್ಲ... ನಿನ್ನ ಹತ್ರನೂ ಬರೆಸ್ಕಂಡ್ರಾ?"

ಹರ್ಷಿತಾ ಬ್ಯಾಗನ್ನು ಎದೆಗೆ ಅವುಚಿಕೊಂಡಳು. "ಸಹಿ ಹಾಕಿಲ್ಲ."

"ನಾನು ಹಾಕ್ಬುಟ್ಟೆ. ಹೊಡೆದೋನೇ ವಾರ ಬಿಟ್ಟು ಈ ಬಾವಿಗೆ ನೂಕ್ದ. ಪೊಲೀಸ್ನೋರಿಗೆ ಡಾಕ್ಟ್ರು ಅದೇ ಕಾಗದ ತೋರ್ಸಿದ್ರು. ಆವತ್ತೂ ಜಾರಿದ್ಲು, ಇವತ್ತೂ ಜಾರಿದ್ಲು ಅಂದ್ರು..."

ಸದ್ದು ನಿಂತಿತು. ಕಲ್ಲಿನ ಬಳಿ ಯಾರೂ ಇರಲಿಲ್ಲ.

ಮನೆಗೆ ಬಂದವಳೇ ಆ ಕಾಗದ ಹರಿದಳು. ನಡೆದದ್ದನ್ನು ನಡೆದ ಹಾಗೆ ಬರೆದು ದೂರು ಸಿದ್ಧ ಮಾಡಿದಳು. ಬೆಳಿಗ್ಗೆ, ಹೊಡೆದದ್ದನ್ನು ಕಣ್ಣಾರೆ ಕಂಡ ಇಬ್ಬರು ನರ್ಸುಗಳನ್ನು ಸಾಕ್ಷಿ ಸಹಿ ಕೇಳಿದಳು. ಒಬ್ಬಳು ವಾರ್ಡಿನ ಕಡೆ ಹೊರಟುಬಿಟ್ಟಳು. ಇನ್ನೊಬ್ಬಳು, "ನಂಗೆ ಮಕ್ಕಳವೆ ಕಣೆ" ಎಂದಳು. ಸಾಕ್ಷಿಯ ಜಾಗ ಖಾಲಿ ಇದ್ದಂತೆಯೇ ದೂರನ್ನು ಮಡಿಸಿ ಠಾಣೆಗೆ ಹೋದಳು.

ಹೆಡ್ ಕಾನ್‌ಸ್ಟೇಬಲ್ ಬಿಚ್ಚಿ ಓದಿದರು. "ಸಾಕ್ಷಿ ಹಾಕಿರೋ ಈ ಅಶ್ವಿನಿ ಯಾರಮ್ಮ? ಮಸಿ ಇನ್ನೂ ಆರಿಲ್ಲ."

ಅಶ್ವಿನಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮೂರು ವರ್ಷದ ಹಿಂದೆ ಆ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಶಾಲೆಯಲ್ಲಿ ನಾನೇ ಪಾಠ ಹೇಳಿದ ಹುಡುಗಿ. ದೂರಿನ ನಕಲು ನಾನೇ ನೋಡಿದ್ದೇನೆ. ಹೆಸರಿನ ಒತ್ತಕ್ಷರವನ್ನು ತೀರಾ ಕೆಳಗೆ, ಗೆರೆ ದಾಟಿ ಬರೆಯುವ ಅಭ್ಯಾಸ ಅವಳದು. ನಾಲ್ಕು ವರ್ಷ ತಿದ್ದಿಸಿದ್ದೆ.

ಆ ಸಹಿಯಲ್ಲೂ ಅದು ಹಾಗೆಯೇ ಇತ್ತು.