ಎರಡು ಗಂಟೆ ನಾಲ್ಕು ನಿಮಿಷಕ್ಕೆ ಹೊರಗೆ ಹೋದವರು

ನನ್ನ ಹೆಸರು ಗದಿಗೆಮ್ಮ, ಗಂಡ ಭೀಮಾಶಂಕರ, ವಯಸ್ಸು 38 ವರ್ಷ, ಕೆಲಸ ಕಚೇರಿ ಸ್ವಚ್ಛತೆ, ಮೂಲ ಊರು ಗುಲಬರ್ಗಾ ಜಿಲ್ಲೆ ಶಹಾಪುರ ತಾಲ್ಲೂಕು, ಹಾಲಿ ವಾಸ ಹೈದರಾಬಾದಿನ ಬೋರಬಂಡ. ನನಗೆ ಓದು ಬರಹ ಬಾರದು. ಕನ್ನಡ ಬಲ್ಲ ಹೆಡ್ ಕಾನ್‌ಸ್ಟೇಬಲ್ ಚಂದ್ರಕಾಂತ ಅವರಿಂದ ಬರೆಸಿ ಈ ಮೂಲಕ ತಿಳಿಸುವುದೇನೆಂದರೆ,

ನಾನೂ ನಮ್ಮ ಮನೆಯವರೂ ಮಾದಾಪುರದ ಒಂದು ವಿದೇಶಿ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಗುತ್ತಿಗೆ ಕೆಲಸಕ್ಕಿದ್ದೆವು. ಹೋದ ವರ್ಷ ಬಾಗಿಲಿಗೆ, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಕಾರ್ಡ್ ಉಜ್ಜುವ ಯಂತ್ರ ಬಂತು. ದಿನಕ್ಕೆ ಎಂಟು ತಾಸು ಮೀರಿ ಯಾರು ಒಳಗಿದ್ದರೂ ಅಮೆರಿಕದ ಕಚೇರಿಗೆ ಅದು ತಾನೇ ವರದಿ ಕಳಿಸುತ್ತದೆ, ಅಲ್ಲಿಂದ ಕಾರಣ ಕೇಳುತ್ತಾರೆ ಎಂದು ಸೂಪರ್‌ವೈಸರ್ ದಿನೇಶ ಅವರು ತಿಳಿಸಿದ್ದರು. ಕೆಲಸ ಮಾತ್ರ ಎಂಟು ತಾಸಿನಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಹೊರಗೆ ಹೋಗುವವರು ಒಳಗೆ ಉಳಿಯುವವರ ಕಾರ್ಡನ್ನೂ ಉಜ್ಜಿ ಹೋಗುವುದು ನಮ್ಮಲ್ಲಿ ರೂಢಿ. ದಿನೇಶರಿಗೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸುಮ್ಮನಿದ್ದರು.

ದಿನಾಂಕ 14-05-2005, ಶನಿವಾರ ಮಧ್ಯಾಹ್ನ 2ಕ್ಕೆ ಪಾಳಿ ಮುಗಿಯಿತು. ನಾಲ್ಕನೇ ಮಹಡಿಯ ಕಾರ್ಪೆಟ್ ತೊಳೆಯುವುದು ಬಾಕಿ ಇತ್ತು. ಮನೆಯವರು ತಮ್ಮ ಕಾರ್ಡ್ ಕೊಟ್ಟು, ಬುತ್ತಿ ಬಿಚ್ಚಿಡು, ಅರ್ಧ ತಾಸಿನಲ್ಲಿ ಬರುತ್ತೇನೆ ಎಂದರು. ನಾನು ಎರಡೂ ಕಾರ್ಡ್ ಉಜ್ಜಿ, ಗೇಟಿನಿಂದ ಮೂವತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ಕುಳಿತೆ.

2.25ರ ಸುಮಾರಿಗೆ ನಾಲ್ಕನೇ ಮಹಡಿಯಿಂದ ಹೊಗೆ ಬಂತು. ಕಚೇರಿಯವರೆಲ್ಲ ಕಾರ್ಡ್ ಉಜ್ಜಿಕೊಂಡೇ ಇಳಿದು ಬಂದರು. ಅವರ ನಡುವೆ ಮನೆಯವರನ್ನು ಹುಡುಕಿದೆ, ಕಾಣಲಿಲ್ಲ. ಅಗ್ನಿಶಾಮಕದವರು 2.40ಕ್ಕೆ ಬಂದಾಗ ಮ್ಯಾನೇಜರ್ ಋಷಭ್ ಅವರು ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಲೆಕ್ಕ ನೋಡಿ, ಒಳಗೆ ಯಾರೂ ಇಲ್ಲ ಎಂದರು. ನಮ್ಮ ಮನೆಯವರಿದ್ದಾರೆ ಎಂದೆ. ಹೆಸರು ಕೇಳಿದರು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾನು ಅವರ ಹೆಸರು ಹಿಡಿದವಳಲ್ಲ. ಅಂದು ಎಲ್ಲರ ಮುಂದೆ ಹೇಳಿದೆ.

“ಭೀಮಾಶಂಕರ ಅಂತ್ರೀ. ಒಳಗದಾರ್ರೀ.”

ಋಷಭ್ ಅವರು ಆ ಹೆಸರು ಹುಡುಕಿ, ಅವರು 2.04ಕ್ಕೇ ಹೊರಗೆ ಹೋಗಿದ್ದಾರೆ, ಗಾಬರಿಯಾಗಬೇಡಿ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಕಾರ್ಡ್ ನನ್ನ ಸೆರಗಿನ ಗಂಟಿನಲ್ಲಿತ್ತು. ತೋರಿಸಿದರೆ ಎಲ್ಲರ ಕೆಲಸ ಹೋಗುತ್ತದೆಂದು ಹೆದರಿದೆ. ದಿನೇಶರ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ನಾನು ಗಂಟು ಬಿಚ್ಚಿ ಕಾರ್ಡ್ ಕೊಟ್ಟಾಗ 2.51 ಆಗಿತ್ತೆಂದು ಆಮೇಲೆ ತಿಳಿಯಿತು. 3.05ಕ್ಕೆ ಅವರನ್ನು ಹೊತ್ತು ತಂದರು. ಮೈ ಸುಟ್ಟಿರಲಿಲ್ಲ. ಹೊಗೆ ಕುಡಿದು ಸತ್ತಿದ್ದಾರೆ, ಹತ್ತು ನಿಮಿಷ ಮೊದಲು ತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದು ವೈದ್ಯರು ಹೇಳಿದರು. ಬುತ್ತಿ ಮರದ ಕೆಳಗೇ ಉಳಿಯಿತು.

ಈ ಸಾವಿನ ಬಗ್ಗೆ ಯಾರ ಮೇಲೂ ಸಂಶಯವಿಲ್ಲ ಎಂದು ಬರೆಯಲೇ ಎಂದು ಚಂದ್ರಕಾಂತ ಅವರು ಕೇಳಿದರು.

“ನನ್ನ ಮ್ಯಾಲ ಐತ್ರಿ. ಹಂಗ ಬರ್ಕೋರಿ” ಎಂದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹೈದರಾಬಾದ್
ದಿನಾಂಕ: 15-05-2005

ಗದಿಗೆಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು