ಯತಿರಾಜನ ಕೈ

ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಅಂಚೆಟ್ಟಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅದೇ ಬಸ್ಸಿಗೆ ಕಾಯುತ್ತಿದ್ದ, ಫ್ಯಾಕ್ಟರಿ ಸಮವಸ್ತ್ರದ ಇಬ್ಬರು ತರುಣರು.

"ಯತಿರಾಜನ ಕಂಪ್ಯೂಟರ್‌ನಾಗೆ ನಾನೇ ಆಡಿ ನೋಡ್ದೆ ಕಣ್ಲಾ ತಿಲಕ್. ನಾನು ಕೀ ಒತ್ತಿದ್ರೂ ಗೇಮು ತಡೆದು ತಡೆದೇ ಓಡ್ತೈತೆ."

"ಹೊಸ ಗ್ರಾಫಿಕ್ಸ್ ಕಾರ್ಡು ಹಾಕವ್ನಲ್ಲ?"

"ಪ್ರೊಸೆಸರ್ ಓಬೀರಾಯನ ಕಾಲದ್ದು. ನಮ್ಮ ಲೈನಲ್ಲಿ ತಗಡು ಒತ್ತೋ ಪ್ರೆಸ್ಸು ನಿಧಾನವಾದ್ರೆ ಮುಂದಿನ ರೋಬೋ ಸುಮ್ನೆ ನಿಲ್ಲಲ್ವಾ? ಹಂಗೇ, ಕಾರ್ಡು ಕಾಯ್ಕೊಂಡು ಕೂತೈತೆ."

"ಮತ್ತೆ ನಾವು, ಪ್ರೆಸ್ಸಿಗೆ ಸಿಕ್ಕಿದ ಕೈ ಇನ್ನು ಓಡಲ್ಲ ಅಂತ ಅವನ್ನ ಗೇಮಿನ ಟೀಮಿಂದ ತೆಗೆದ್ವಲ್ಲಾ?"

"ಕೈ ಚೆನ್ನಾಗೇ ಐತೆ ಕಣ್ಲಾ."

"ಫೋನ್ ಮಾಡಿ ಹೇಳು."

"ಎತ್ತಲಿಲ್ಲ. ನಮ್ಮ ಮಾತು ನಂಬ್ಕೊಂಡು, ಮೆಷಿನ್ ಕೆಲಸ ಆಗಲ್ಲ, ಗೇಟು ಕಾಯಕ್ಕೆ ಹಾಕಿ ಅಂತ ಸೂಪರ್‌ವೈಸರ್‌ನ ಕೇಳಕ್ಕೆ ಈಗ ತಾನೇ ಹೋದ."

ಬಸ್ಸು ಬಂತು. ಇನ್ನೊಂದಿರುವುದು ಸಂಜೆಗೇ. ಇಬ್ಬರೂ ಬಂದ ಬಸ್ಸನ್ನು ಹತ್ತದೆ, ಫ್ಯಾಕ್ಟರಿಯ ಕಡೆಗೆ ಓಡಿದರು.