ಬೋಗುಣಿಯಾಚೆಯ ದೊರೆ

ಒಂದೂರಲ್ಲಿ ಒಬ್ಬ ಪಾಳೆಯಗಾರ ಇದ್ದ. ನಮ್ಮ ಕಡೆಯವನಲ್ಲ, ದೂರದ ಸ್ಕಾಟ್ಲೆಂಡಿನ ಬೆಟ್ಟಸೀಮೆಯವನು. ಕಡಲ ದಂಡೆಯಲ್ಲಿ ಕಲ್ಲಿನ ಕೋಟೆ, ಸೊಂಟಕ್ಕೆ ಚೌಕಳಿಯ ನೆರಿಗೆಬಟ್ಟೆ, ಕರೆದರೆ ಓಡಿಬರುವ ತನ್ನ ಕುಲದ ನೂರಾರು ಜನ. ಅವನು ನಂಬಿದ ದೊರೆಯನ್ನು ಗದ್ದುಗೆಯಿಂದ ಇಳಿಸಿ ಕಡಲಾಚೆಗೆ ಓಡಿಸಿದ್ದರು. ಹೊಸ ದೊರೆಯ ಸಿಪಾಯಿಗಳು ಊರೂರಲ್ಲೂ ಇದ್ದರು. ಹಳೆಯ ದೊರೆಯ ಹೆಸರೆತ್ತಿದರೆ ತಲೆ ಹೋಗುವ ಕಾಲ. ಇವನು ಏನು ಮಾಡಿದ ಗೊತ್ತೇ? ಊಟದ ಮೇಜಿನ ಮೇಲೆ ಒಂದು ಬೋಗುಣಿ ನೀರು ಇಡಿಸಿದ. ಮದ್ಯದ ಲೋಟ ಎತ್ತಿ, ಆ ನೀರಿನ ಮೇಲೆ ಹಾಯಿಸಿ, ದೊರೆಗೆ ಜಯವಾಗಲಿ ಎಂದು ಕುಡಿಯುತ್ತಿದ್ದ. ಯಾವ ದೊರೆಗೆ? ನೀರಿನಾಚೆಯ ದೊರೆಗೆ! ಪಕ್ಕದಲ್ಲೇ ಸಿಪಾಯಿ ಕೂತಿದ್ದರೂ ತಪ್ಪು ಹಿಡಿಯುವಂತಿರಲಿಲ್ಲ. ನೋಡಿ, ಎಂಥ ಭಕ್ತಿ, ಎಂಥ ಜಾಣತನ! ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಲೋಟ ಹಾಯಿಸುವಾಗ ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಒಂದು ಮಧ್ಯಾಹ್ನ ಆ ದೊರೆಯ ದೂತನೇ ಕುಂಟುತ್ತ, ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಕಾಲು ಉಳುಕಿತ್ತು. ಸಿಪಾಯಿಗಳು ಬೆನ್ನಟ್ಟಿದ್ದರು, ಸಿಕ್ಕರೆ ನೇಣು. ಅವನು ಕೇಳಿದ್ದು ಒಂದೇ.

"ಒಂದು ದೋಣಿ ಕೊಡಿ ಒಡೆಯಾ. ಕಡಲ ನೀರು ಇಳಿಯೋದ್ರೊಳಗೆ ದಾಟಬೇಕು."

ಪಾಳೆಯಗಾರನಿಗೆ ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊರೆಯ ದೂತ, ತನ್ನ ಮನೆಗೆ! ತಕ್ಷಣ ತರಿಸಿದ. ದೋಣಿಯನ್ನಲ್ಲ, ಬೋಗುಣಿಯನ್ನು! ದೊರೆಗೊಂದು ಲೋಟ. ದೊರೆಯ ತಾಯಿಗೊಂದು ಲೋಟ. ದೊರೆಯ ಕುದುರೆಗೂ ಒಂದು. ಬಿಟ್ಟರೆ ಕುದುರೆಗೆ ಬೇಜಾರಾಗುವುದಿಲ್ಲವೇ? ದೂತ ಬಾಗಿಲ ಕಡೆ ನೋಡಿದಾಗಲೆಲ್ಲ ಹೆಗಲು ಅದುಮಿ ಕೂರಿಸಿದ. ಚೀಲವಾದ್ಯ ಊದಿಸಿದ, ತಾನೇ ಎದ್ದು ಕುಣಿದ.

ಕೊನೆಗೆ ಅವನ ಹೆಂಡತಿ ಕಿಟಕಿ ತೆರೆದಳು.

"ಬಂದು ನೋಡ್ರೀ. ಈಗ ನೀರಿರೋದು ನಿಮ್ಮ ಬೋಗುಣೀಲಿ ಮಾತ್ರ."

ಕಡಲು ಹಿಂದೆ ಸರಿದಿತ್ತು. ಇವನ ದೋಣಿ ಕೆಸರಿನಲ್ಲಿ ಕೂತಿತ್ತು. ಅರ್ಧ ಮೈಲಿ ಕೆಸರಿನಾಚೆ ಬೆಸ್ತನೊಬ್ಬನ ದೋಣಿ ಮಾತ್ರ ತೇಲುತ್ತಿತ್ತು. ಇತ್ತ ಗುಡ್ಡದ ಮೇಲೆ ಸಿಪಾಯಿಗಳ ಕೆಂಪು ಅಂಗಿ ಕಾಣಿಸಿತು.

ಅಮಲು ಜರ್ರನೆ ಇಳಿಯಿತು. ಪಾಳೆಯಗಾರ ದೂತನನ್ನು ಹೆಗಲ ಮೇಲೆ ಹೊತ್ತು ಕೆಸರಿಗಿಳಿದ. ಬೂಟು ಹೋಯಿತು. ನೆರಿಗೆಬಟ್ಟೆ ಹೋಯಿತು. ಮಾನವೂ ಹೋಯಿತು, ಊರಿಗೆ ಊರೇ ದಂಡೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ನಿಲ್ಲಲಿಲ್ಲ, ದೂತನನ್ನು ದೋಣಿ ಹತ್ತಿಸಿಯೇ ಬಿಟ್ಟ. ಮೂವತ್ತು ವರ್ಷದಲ್ಲಿ ಅವನು ದೊರೆಗೆ ಮಾಡಿದ ಸೇವೆ ಅದೊಂದೇ, ಅದೂ ಬರೀ ಅಂಗಿಯಲ್ಲಿ! ಸಿಪಾಯಿಗಳು ಅವನನ್ನು ಹಿಡಿದರೇ ಅನ್ನುತ್ತೀರಾ? ಹಿಡಿದರು. ಸೆರೆಮನೆಯಲ್ಲಿ ಬೋಗುಣಿ ಇರಲಿಲ್ಲ. ಅವನಿಗೆ ಅದರ ನೆನಪೂ ಬರಲಿಲ್ಲವಂತೆ.

ನಗುತ್ತಿದ್ದೀರಿ. ನಗಿ, ನಗಿ. ಬೆಳಿಗ್ಗೆ ನೀವು ಗಂಟೆ ಬಾರಿಸುತ್ತ ಕೂತಿರುವಾಗ ಪಕ್ಕದ ಮನೆಯಾಕೆ ಓಡಿ ಬರುತ್ತಾಳೆ. ಅತ್ತೆಗೆ ಉಸಿರು ಕಟ್ಟುತ್ತಿದೆ, ಒಂದು ಆಟೋ ಕರೆಯಿರಿ ಅನ್ನುತ್ತಾಳೆ. ನೀವೇನು ಹೇಳುತ್ತೀರಿ? "ಮಂಗಳಾರತಿ ಆಗ್ಲಿ, ಬಂದೆ." ಹೇಳಿ, ಅದು ಬೋಗುಣಿಯಲ್ಲವೇ? ನಾಳೆಯಿಂದ ಇಷ್ಟು ಮಾಡಿ. ಬಾಗಿಲು ತಟ್ಟಿದ ಸದ್ದು ಕೇಳಿದರೆ ಗಂಟೆ ಕೆಳಗಿಡಿ, ಎದ್ದು ಹೋಗಿ. ಆರತಿ ಆರಿದರೆ ಮತ್ತೆ ಹಚ್ಚಬಹುದು. ದೇವರು ಕಾಯುತ್ತಾನೆ, ಪಕ್ಕದ ಮನೆಯ ಅತ್ತೆಗೆ ಕಾಯಲಾಗುವುದಿಲ್ಲ.